ಓನಾಮ ಮರೆತ ಯಂತ್ರ

ಯಾವ ವಿದ್ಯೆಗಾದರೂ ಒಂದು ಓನಾಮವುಂಟು. ಮಹಾಭಾಷ್ಯವನ್ನು ಓದಿದ ಪಂಡಿತನಾದರೂ ಒಂದು ಕಾಲಕ್ಕೆ ಪಾಟಿಯ ಮೇಲೆ ಮೊದಲಿನ ಅಕ್ಷರವನ್ನು ತಿದ್ದಿಯೇ ಮುಂದೆ ಬಂದವನು. ಮುಂದೆ ಆ ಅಕ್ಷರವನ್ನು ಆತನು ನೆನೆಯುವ ಪ್ರಸಂಗವೇ ಬರುವದಿಲ್ಲ. ಆದರೆ ದಿನಾಲು ಓನಾಮದಿಂದಲೇ ತೊಡಗಬೇಕಾದ ವಿದ್ಯಾರ್ಥಿಯೊಂದು ಈಗ ಮನೆಮನೆಗಳಲ್ಲಿ ಬಂದು ಕುಳಿತಿದೆ. ಅದೇ ಗಣಕಯಂತ್ರವು. ಅದು ಒಂದು ಸಂಜೆ ತನ್ನ ಓನಾಮವನ್ನು ಮರೆತಾಗ ಗಲಗಲಿಯ ಒಂದು ಮನೆಯಲ್ಲಿ ನಡೆದ ಸಂಗತಿಯು ವಾಚಕರು ಕೇಳತಕ್ಕದ್ದಾಗಿದೆ.

ಗಲಗಲಿಯು ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣೆಯ ದಂಡೆಯ ಮೇಲಿರುವ ಊರು. ಹರಿದಾಸಿಯಾದ ಗಲಗಲಿ ಅವ್ವನ ಹೆಸರಿನಿಂದ ಅದು ನಾಡಿಗೆಲ್ಲ ಪರಿಚಿತವಾಗಿದೆ. ಅವ್ವನ ಹಾಡುಗಳು ಬಹುಕಾಲ ಹೆಂಗಸರ ಬಾಯಿಂದ ಬಾಯಿಗೆ ಬಂದು ಉಳಿದವು. ಈ ಮನೆಯ ಅಜ್ಜಿಯೂ ಅಂಥ ಹಾಡುಗಳನ್ನು ಬಾಯಿಪಾಠವಾಗಿ ಬಲ್ಲವಳು. ಆಕೆಯ ಕೊನೆಯ ವರ್ಷದಲ್ಲಿ ಮೊಮ್ಮಗನು ಅವುಗಳಲ್ಲಿ ಕೆಲವನ್ನು ಆಕೆಯ ಧ್ವನಿಯಲ್ಲಿಯೇ ಗಣಕದಲ್ಲಿ ಹಿಡಿದಿಟ್ಟಿದ್ದನು. ಆಕೆ ತೀರಿಕೊಂಡ ಮೇಲೆ ಅಜ್ಜನು ಪ್ರತಿ ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ಒಂದೆರಡು ಹಾಡುಗಳನ್ನು ಕೇಳುವ ರೂಢಿಯನ್ನಿಟ್ಟುಕೊಂಡಿದ್ದನು. ಬೇರೆ ಪ್ರತಿಯನ್ನು ಮಾಡಿಡಬೇಕೆಂಬದು ಯಾರಿಗೂ ಹೊಳೆದಿರಲಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವು ಮುಗಿಯಿತಷ್ಟೆ. ಹೊಸದಾದ ವಿಂಡೋಸ್ 11 ಯಂತ್ರದಲ್ಲಿ ಒಂದು ವಿಶೇಷ ರಕ್ಷಣೆಯ ಸೌಕರ್ಯವನ್ನು ಬೇಡುವದು. ಈ ಮನೆಯ ಯಂತ್ರದಲ್ಲಿ ಅದು ದೊರೆಯಬೇಕಾದರೆ ಬಯಾಸ್ ಎಂಬ ಮೂಲಬರಹವನ್ನು ಹೊಸದು ಮಾಡಬೇಕಾಗಿತ್ತು. ಬಾಗಲಕೋಟೆಯಲ್ಲಿ ಓದುತ್ತಿದ್ದ ಮೊಮ್ಮಗನು ದೀಪಾವಳಿಯ ಸೂಟಿಗೆ ಬಂದಾಗ ಆ ಕೆಲಸಕ್ಕೆ ಕೈ ಹಾಕಿದನು.

ಬಯಾಸ್ ಎಂಬ ಹೆಸರನ್ನು 1970ರ ದಶಕದಲ್ಲಿ ಗ್ಯಾರಿ ಕಿಲ್ಡಾಲ್ ಎಂಬ ಅಮೇರಿಕೆಯ ಗಣಕತಜ್ಞನು ಬಳಕೆಗೆ ತಂದನು. ಗುಂಡಿ ಒತ್ತಿದೊಡನೆ ಯಂತ್ರವು ಮೊದಲು ಓದುವದು ಇದನ್ನೇ. ನೆನಪಿನ ಪಟ್ಟಿ ಇದೆಯೇ, ಕೀಲಿಮಣೆ ಇದೆಯೇ, ಡಿಸ್ಕ್ ಇದೆಯೇ ಎಂದು ಎಲ್ಲವನ್ನೂ ವಿಚಾರಿಸಿ, ಆಮೇಲೆ ಅದು ವಿಂಡೋಸಿನ ಕೈಗೆ ಕಾರಭಾರವನ್ನು ಒಪ್ಪಿಸುವದು. 1981ರ ಐಬಿಎಂ ಗಣಕದಲ್ಲಿ ಈ ಬರಹವು ಅಳಿಸಲಾಗದ ಚಿಪ್‌ನಲ್ಲಿ ಇತ್ತು. ಮುಂದೆ ಒರೆಸಿ ಬರೆಯಬಹುದಾದ ಚಿಪ್‌ಗಳು ಬಂದವು. ಒರೆಸಬಹುದಾದದ್ದು ಕೆಡಲೂಬಹುದು. 1999ರ ಏಪ್ರಿಲ್ 26ರಂದು ಸಿಐಎಚ್ ಎಂಬ ವೈರಸ್ಸು ಅನೇಕ ದೇಶಗಳಲ್ಲಿ ಗಣಕಗಳ ಈ ಬರಹವನ್ನೇ ಹಾಳುಮಾಡಿ ಅವು ಏಳದಂತೆ ಮಾಡಿತು.

ಹೊಸ ಬರಹವನ್ನು ಬರೆಯುವಾಗ ಹಳೆಯದನ್ನು ಮೊದಲು ಒರೆಸುವರು. ಈ ಎರಡರ ನಡುವೆ ವಿದ್ಯುತ್ತು ಹೋದರೆ ಪಾಟಿಯ ಮೇಲೆ ಹಳೆಯ ಅಕ್ಷರವೂ ಇಲ್ಲ, ಹೊಸದೂ ಇಲ್ಲ. ಅಂದು ಆದದ್ದೂ ಅದೇ. ಯುಪಿಎಸ್ಸಿನ ಬ್ಯಾಟರಿಯು ಹಳೆಯದು. ಒಂದು ನಿಮಿಷ ಕೂಗಿ ಸುಮ್ಮನಾಯಿತು. ದೀಪಗಳು ತಿರುಗಿ ಬಂದಾಗ ಯಂತ್ರದ ಪಂಖವು ತಿರುಗಿತು. ಪರದೆ ಮಾತ್ರ ಕಪ್ಪಾಗಿಯೇ ಇತ್ತು.

ಹುಡುಗನು ವಯರನ್ನು ಕಿತ್ತು, ಸ್ವಲ್ಪ ಹೊತ್ತು ತಡೆದು ತಿರುಗಿ ಹಚ್ಚಿದನು. ಒಳಗಿನ ನಾಣ್ಯದಂಥ ಸೆಲ್ಲನ್ನು ತೆಗೆದಿಟ್ಟು ಮತ್ತೆ ಕೂಡಿಸಿದನು. ಅದರಿಂದ ಅಳವಡಿಕೆಗಳು ಮೊದಲಿನ ಸ್ಥಿತಿಗೆ ಬರುವವೇ ಹೊರತು ಅಳಿದ ಬರಹವು ಬರುವದಿಲ್ಲ. ಕೆಲವು ಯಂತ್ರಗಳಲ್ಲಿ ಕೆಡದೆ ಉಳಿಯುವ ಒಂದು ಚಿಕ್ಕ ಭಾಗವಿರುತ್ತದೆ. ಅದು ಪೆನ್‌ಡ್ರೈವಿನಿಂದ ಬರಹವನ್ನು ತಾನಾಗಿ ಓದಿಕೊಳ್ಳುವದು. ಆತನು ನೆರೆಮನೆಯ ಗಣಕದಲ್ಲಿ ತನ್ನ ಯಂತ್ರದ ಮಾದರಿಗೆ ಸರಿಯಾದ ಕಡತವನ್ನೇ ಇಳಿಸಿಕೊಂಡು, ಕೈಪಿಡಿಯಲ್ಲಿ ಹೇಳಿದ ಹೆಸರನ್ನಿಟ್ಟು, ಅದನ್ನೂ ಮಾಡಿ ನೋಡಿದನು. ಚಿಕ್ಕ ದೀಪವು ಎರಡು ಸಲ ಮಿನುಗಿ ಆರಿತು.

"ಅಜ್ಜಾ, ನಾನೇ ಕೆಡಿಸಿದೆ. ಅಜ್ಜಿ ಹಾಡೂ ಹೋದವೋ ಏನೋ" ಎಂದು ಹುಡುಗನು ಕಣ್ಣಲ್ಲಿ ನೀರು ತಂದನು.

ಅಜ್ಜನು ಸಿಟ್ಟು ಮಾಡಲಿಲ್ಲ. ಆದರೆ ಮರುದಿನ ಶುಕ್ರವಾರ. ಸಂಜೆ ದೀಪ ಹಚ್ಚಿ, ರೂಢಿಯಂತೆ ಬಂದು ಆ ಕಪ್ಪು ಪರದೆಯ ಮುಂದೆ ಕುಳಿತನು. ಬಹಳ ಹೊತ್ತು ಏಳಲಿಲ್ಲ. ಹುಡುಗನಿಗೆ ಬೈಗುಳಕ್ಕಿಂತ ಅದೇ ಹೆಚ್ಚಾಯಿತು.

ಶನಿವಾರ ಇಬ್ಬರೂ ಪೆಟ್ಟಿಗೆಯನ್ನು ಧೋತರದಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ಜಮಖಂಡಿಗೆ ಹೋದರು. ಅಲ್ಲಿ ಒಂದು ಚಿಕ್ಕ ದುರಸ್ತಿಯ ಅಂಗಡಿ. ಅಂಗಡಿಯವನು ಎಲ್ಲವನ್ನೂ ಕೇಳಿಕೊಂಡು, "ಅಜ್ಜಾರ, ಎಚ್ಚರ ಬ್ಯಾರೆ, ನೆನಪು ಬ್ಯಾರೆ. ಇದಕ್ಕ ಎಚ್ಚರ ತಪ್ಪೈತಿ, ನೆನಪು ಹೋಗಿಲ್ಲ" ಎಂದನು. ಮೊದಲು ಡಿಸ್ಕನ್ನು ಬಿಚ್ಚಿ ತನ್ನ ಗಣಕಕ್ಕೆ ಜೋಡಿಸಿದನು. ಹಾಡುಗಳೆಲ್ಲ ಇದ್ದವು. ಒಂದನ್ನು ಹಚ್ಚಿದೊಡನೆ ಅಜ್ಜಿಯ ಧ್ವನಿಯು ಆ ಪೇಟೆಯ ಗದ್ದಲದಲ್ಲಿ ಕೇಳಿಸಿತು. ನಡುವೆ ಆಕೆ ಕೆಮ್ಮಿದ್ದೂ, "ಇದು ಬ್ಯಾಡೋ, ಮತ್ತ ಹೇಳ್ತೀನಿ" ಎಂದದ್ದೂ ಸಹ. ಅಜ್ಜನು ಅಂಗಡಿಯ ಕಟ್ಟೆಯ ಮೇಲೆ ಕುಳಿತುಬಿಟ್ಟನು.

ಆಮೇಲೆ ಅಂಗಡಿಯವನು ಎಂಟು ಕಾಲಿನ ಆ ಚಿಪ್‌ನ ಹೆಸರನ್ನು ಭೂತಗನ್ನಡಿಯಿಂದ ಓದಿ, ಅದು ಎಷ್ಟು ವೋಲ್ಟಿನದೆಂಬದನ್ನು ಖಾತ್ರಿ ಮಾಡಿಕೊಂಡನು, 1.8 ವೋಲ್ಟಿನದಕ್ಕೆ 3.3 ವೋಲ್ಟು ಕೊಟ್ಟರೆ ಚಿಪ್ ಸುಟ್ಟೀತು. ಒಂದು ಚಿಮಟವನ್ನು ಅದಕ್ಕೆ ಕಚ್ಚಿಸಿ, ಒಳಗಿದ್ದ ಕೆಟ್ಟ ಬರಹವನ್ನು ಎರಡು ಸಲ ಓದಿಸಿ, ಎರಡೂ ಒಂದೇ ಎಂದು ಕಂಡ ಮೇಲೆ ಅದನ್ನು ಕಾದಿಟ್ಟನು. "ಕೆಟ್ಟದ್ದನ್ಯಾಕ ಇಡ್ತೀಪಾ?" ಎಂದು ಅಜ್ಜನು ಕೇಳಿದನು. ಯಂತ್ರದ ಸ್ವಂತ ಸಂಖ್ಯೆಗಳು ಅದರಲ್ಲಿರುವವೆಂದು ಆತನು ತಿಳಿಸಿದನು. ಹೊಸದನ್ನು ಬರೆದು, ಬರೆದದ್ದನ್ನು ಮೂಲದೊಡನೆ ತಾಳೆ ನೋಡಿದನು. ಹಸ್ತಪ್ರತಿಯನ್ನು ನಕಲು ಮಾಡುವ ಲೇಖಕನಿಗೂ ಇದಕ್ಕಿಂತ ಬೇರೆ ವಿಧಿಯಿಲ್ಲವೆಂದು ಅಜ್ಜನಿಗೆ ಎನಿಸಿತು.

ಗುಂಡಿ ಒತ್ತಿದಾಗ ಪರದೆ ಬೆಳಗಿತು. ಯಂತ್ರಕ್ಕೆ ದಿನ ತಾರೀಖುಗಳ ಎಚ್ಚರವಿರಲಿಲ್ಲ. ಎಂದೋ ಕಳೆದ ಒಂದು ವರ್ಷವನ್ನು ತೋರಿಸುತ್ತಿತ್ತು. ಹುಡುಗನು ಅದನ್ನು ಸರಿಪಡಿಸಿದನು.

ಯುಪಿಎಸ್ಸಿಗೆ ಹೊಸ ಬ್ಯಾಟರಿಯನ್ನು ಅಂದೇ ಕೊಂಡರು. ಹಾಡುಗಳ ಒಂದು ಪ್ರತಿಯು ವಿಜಯಪುರದಲ್ಲಿರುವ ಮಗಳ ಮನೆಗೆ ಹೋಯಿತು. ಇನ್ನೊಂದು ಪ್ರತಿಯನ್ನು ಹುಡುಗನು ಬಾಗಲಕೋಟೆಗೆ ಒಯ್ದನು. ಬಸ್ಸಿನಲ್ಲಿ ಬರುವಾಗ ಅಜ್ಜನು ಒಂದು ಮಾತನ್ನು ಯೋಚಿಸುತ್ತಿದ್ದನು. ಅವ್ವನ ಹಾಡುಗಳು ಕಾಗದವೂ ಯಂತ್ರವೂ ಇಲ್ಲದೆ ಇಷ್ಟು ಕಾಲ ಉಳಿದದ್ದು ಹತ್ತು ಬಾಯಿಗಳಲ್ಲಿ ಇದ್ದುದರಿಂದ. ತನ್ನ ಮನೆಯಲ್ಲಿ ಅವು ಒಂದೇ ಪೆಟ್ಟಿಗೆಯನ್ನು ನೆಚ್ಚಿಕೊಂಡಿದ್ದವು. ಈಗ ಶುಕ್ರವಾರ ಹಾಡು ಹಚ್ಚಿದಾಗ ಅಡಿಗೆಮನೆಯಿಂದ ಸೊಸೆಯನ್ನೂ ಕರೆಯುತ್ತಾನೆ. ಎರಡು ಹಾಡುಗಳು ಆಕೆಗೆ ಬಾಯಿಗೆ ಬಂದಿವೆ, ಮೂರನೆಯದು ನಡೆದಿದೆ.