ಮನೆಗೊಂದು ಪ್ರಿಂಟರ್ ಬೇಕೇ?

ಮನೆಗೆ ಎತ್ತು ತರುವಾಗ ಹಿರಿಯರು ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಯಂತ್ರ ತರುವಾಗ ಮಾತ್ರ ಬೆಲೆಯ ಚೀಟಿಯೊಂದನ್ನೇ ನೋಡಿ ಬಿಡುತ್ತೇವೆ. ಕಳೆದ ವರ್ಷ ನಮ್ಮ ಮನೆಯಲ್ಲಿ ಪ್ರಿಂಟರ್ ಕೊಳ್ಳುವ ಮಾತು ಹೊರಟಿತು. ಮಾತು ಹೊರಟದ್ದು ಜೂನ್ ತಿಂಗಳಲ್ಲಿ; ಯಂತ್ರ ಬಂದದ್ದು ದೀಪಾವಳಿ ಕಳೆದ ಮೇಲೆ. ಈ ನಡುವೆ ಮನೆಯ ಚಿಕ್ಕವರಾದ ನಾವಿಬ್ಬರು ಕೇಳಿ, ನೋಡಿ, ಲೆಕ್ಕ ಮಾಡಿ ತಿಳಿದುಕೊಂಡದ್ದನ್ನು ಶಾಲೆಯ ಗೆಳೆಯರಿಗೂ ಅವರ ತಂದೆತಾಯಿಗಳಿಗೂ ಹೇಳಬೇಕೆಂದು ಈ ಲೇಖನ ಬರೆದಿದ್ದೇವೆ.

ನಮ್ಮೂರು ಮಿರಜ ತಾಲೂಕಿನ ಖಂಡೇರಾಜುರಿ. ಮನೆಯ ಮಾತು ಕನ್ನಡ. ಪೇಟೆಯ ಮತ್ತು ಕಚೇರಿಯ ಮಾತು ಮರಾಠಿ. ಎರಡೂ ನಮಗೆ ಬರುತ್ತವೆ, ಎರಡೂ ಬೇಕು. ಆದರೆ ನಾವು ಓದುವುದು ಕನ್ನಡ ಮಾಧ್ಯಮದಲ್ಲಿ. ಪಠ್ಯಪುಸ್ತಕದ ಚಿಂತೆಯಿಲ್ಲ. 1967ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಬಾಲಭಾರತಿ ಸಂಸ್ಥೆಯು ಮರಾಠಿಯ ಜೊತೆಗೆ ಕನ್ನಡದಲ್ಲಿಯೂ ಪುಸ್ತಕಗಳನ್ನು ಹೊರತರುತ್ತದೆ. ಚಿಂತೆ ಇರುವುದು ಅಭ್ಯಾಸದ ಪ್ರಶ್ನೆಪತ್ರಿಕೆಗಳದು. ಪೇಟೆಯಲ್ಲಿ ಮರಾಠಿ ಗೈಡುಗಳು ಸಿಕ್ಕಷ್ಟು ಸುಲಭವಾಗಿ ಕನ್ನಡದವು ಸಿಗುವುದಿಲ್ಲ. ಆದ್ದರಿಂದ ನಮ್ಮ ಗುರುಗಳೇ ರಾತ್ರಿ ಕುಳಿತು ಪ್ರಶ್ನೆಪತ್ರಿಕೆಗಳನ್ನು ಟೈಪು ಮಾಡಿ ಪಾಲಕರ ಮೊಬೈಲಿಗೆ ಕಳಿಸುತ್ತಾರೆ.

ಕಳೆದ ವರ್ಷ ಅಕ್ಕ ಹತ್ತನೆಯ ತರಗತಿಯಲ್ಲಿದ್ದಳು. ಮನೆಯಲ್ಲಿ ಮೊಬೈಲು ಒಂದೇ. ಬೆಳಿಗ್ಗೆ ಅಪ್ಪ ಅದನ್ನು ಕಿಸೆಯಲ್ಲಿ ಹಾಕಿಕೊಂಡು ದ್ರಾಕ್ಷಿ ತೋಟಕ್ಕೆ ಹೋದರೆ ಮರಳುವುದು ದೀಪ ಹಚ್ಚುವ ಹೊತ್ತಿಗೆ. ಅಕ್ಕ ರಾತ್ರಿ ಪ್ರಶ್ನೆಗಳನ್ನು ವಹಿಯಲ್ಲಿ ನಕಲು ಮಾಡಿಕೊಳ್ಳುತ್ತಿದ್ದಳು. ಬರೆದು ಮುಗಿಯುವಷ್ಟರಲ್ಲಿ ನಿದ್ದೆ. ಉತ್ತರ ಬಿಡಿಸುವುದು ಯಾವಾಗ? ಆ ವರ್ಷದ ಓದಿಗೆ ಕಾಗದ ಅವಶ್ಯವಾಗಿತ್ತು.

ಮಿರಜದ ಒಂದು ಅಂಗಡಿಗೆ ಹೋದೆವು. ಗುರುಗಳ ಬರಹವನ್ನು ಅಲ್ಲಿಯ ಗಣಕಯಂತ್ರದಲ್ಲಿ ತೆರೆದರೆ ಒಂದು ಅಕ್ಷರವೂ ಕನ್ನಡದಲ್ಲಿಲ್ಲ! ಇಂಗ್ಲಿಷ್ ಅಕ್ಷರ, ಚುಕ್ಕೆ, ಗೆರೆಗಳ ಕಲಸುಮೇಲೋಗರ. ಇದಕ್ಕೆ ಕಾರಣವಿದೆ. ನುಡಿಯಂತಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ಮೂಲ ಅಕ್ಷರಗಳೇ ಕಾಣುತ್ತವೆ. 1991ರಲ್ಲಿ ಬಂದ ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ ತನ್ನದೇ ಸ್ಥಾನವಿದೆ. ಆದರೂ ಹಳೆಯ ರೂಢಿ ಪೂರ್ತಿ ಹೋಗಿಲ್ಲ. ಉಪಾಯ ಸುಲಭ: ಬರಹವನ್ನು ಪಿಡಿಎಫ್ ಮಾಡಿ ಕಳಿಸಬೇಕು. ಆಗ ಅಕ್ಷರದ ಆಕಾರಗಳು ಕಾಗದದ ಜೊತೆಗೇ ಪ್ರಯಾಣ ಮಾಡುತ್ತವೆ. ಗುರುಗಳು ಮರುದಿನದಿಂದಲೇ ಹಾಗೆ ಕಳಿಸಿದರು.

ಅಕ್ಷರದ ತೊಂದರೆ ತೀರಿತು. ಓಡಾಟದ ತೊಂದರೆ ಉಳಿಯಿತು. ಸಂಜೆ ಬಂದ ಪತ್ರಿಕೆ ಮರುದಿನ ಬೇಕಾದರೆ ಬಸ್ಸು ಹಿಡಿಯಬೇಕು, ಅರ್ಧ ದಿನ ಕಳೆಯಬೇಕು. "ಒಂದು ಮಿಷನ್ ತಂದ ಬಿಡೂಣಲ್ಲ" ಎಂದಳು ಅವ್ವ. ಅಪ್ಪ ಮಾತ್ರ, "ಮೊದಲ ವರ್ಷಕ್ಕ ಎಷ್ಟು ಹಾಳಿ ಬೇಕಾಗ್ತಾವ ಅನ್ನೂದು ಎಣಸರಿ. ಆಮ್ಯಾಲೆ ನೋಡೂಣು" ಎಂದರು.

ಎಣಿಸುವ ಕೆಲಸ ನಮ್ಮ ಪಾಲಿಗೆ ಬಂತು. ಹಳೆಯ ವಹಿಯಲ್ಲಿ ಐದು ತಿಂಗಳು ಬರೆದಿಟ್ಟೆವು. ಒಟ್ಟು 160 ಹಾಳೆ. ಅದರಲ್ಲಿ 118 ಪ್ರಶ್ನೆಪತ್ರಿಕೆಗಳು, 26 ಸಾತಬಾರಾ ಉತಾರೆ, ಆಧಾರ ಮುಂತಾದ ಸರಕಾರಿ ಕಾಗದಗಳು, 10 ಇತರೆ. ಬಣ್ಣದ ಹಾಳೆ ಕೇವಲ 6. ಹಾಳೆಗೆ 5 ರೂಪಾಯಿಯಂತೆ 800 ರೂಪಾಯಿ. ಹನ್ನೊಂದು ಸಲ ಮಿರಜಿಗೆ ಹೋಗಿಬಂದ ಬಸ್ಸಿನ ಖರ್ಚು ಸೇರಿ ಸುಮಾರು 1,500. ಎಂದರೆ ತಿಂಗಳಿಗೆ 32 ಹಾಳೆ, 300 ರೂಪಾಯಿ.

ಇನ್ನು ಯಂತ್ರದ ಜಾತಿ. ಜತ್ತ ತಾಲೂಕಿನಲ್ಲಿರುವ ಮಾಮಾನ ಮನೆಯಲ್ಲಿ ಅಗ್ಗದ ಒಂದು ಪ್ರಿಂಟರ್ ಇತ್ತು. ದ್ರವ ಶಾಯಿಯನ್ನು ಸಿಡಿಸಿ ಬರೆಯುವ ಇಂಕ್‌ಜೆಟ್ ಅದು. ಅದರ ರಂಧ್ರಗಳು ಕೂದಲಿಗಿಂತ ಸಣ್ಣವು. ಎರಡು ತಿಂಗಳು ಮುಟ್ಟದೆ ಬಿಟ್ಟಾಗ ಶಾಯಿ ಒಣಗಿ ರಂಧ್ರ ಮುಚ್ಚಿತು. ಶುಚಿ ಮಾಡುವ ಗುಂಡಿ ಒತ್ತಿದರೆ ಯಂತ್ರವು ಶಾಯಿಯನ್ನೇ ಹರಿಸಿ ತೊಳೆದುಕೊಳ್ಳುತ್ತದೆ. ಬರೆಯುವ ಶಾಯಿ ತೊಳೆಯುವುದಕ್ಕೇ ಮುಗಿಯಿತು. ಹೊಸ ಡಬ್ಬಿಗೆ ಏಳೆಂಟು ನೂರು ರೂಪಾಯಿ. ಕೆಲವು ಚಿಕ್ಕ ಡಬ್ಬಿಗಳು ನೂರು, ನೂರಿಪ್ಪತ್ತು ಪುಟಕ್ಕೇ ಬರಿದಾಗುತ್ತವೆ. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ಇಂಥದಕ್ಕೇ ಹುಟ್ಟಿರಬೇಕು.

ಎರಡನೆಯದು ಶಾಯಿಯ ತೊಟ್ಟಿಯುಳ್ಳದ್ದು. ಬಾಟಲಿಯಿಂದ ಶಾಯಿ ತುಂಬಬಹುದು. ಪುಟದ ಖರ್ಚು ಬಹಳ ಕಡಿಮೆ, ಬಣ್ಣವೂ ಬರುತ್ತದೆ. ದಿನವೂ ಕೆಲಸವಿರುವ ಮನೆಗೆ ಇದು ಉತ್ತಮ. ಆದರೆ ಇದೂ ದ್ರವವೇ. ವಾರಕ್ಕೊಮ್ಮೆಯಾದರೂ ಒಂದು ಬಣ್ಣದ ಪುಟ ತೆಗೆಯದಿದ್ದರೆ ಒಣಗುವ ಭಯ. ಇದರಲ್ಲಿ ರಂಧ್ರಗಳ ಭಾಗ ಸಾಮಾನ್ಯವಾಗಿ ಡಬ್ಬಿಯಲ್ಲಿರದೆ ಯಂತ್ರದಲ್ಲಿಯೇ ಇರುವುದರಿಂದ ಕೆಟ್ಟರೆ ದುರಸ್ತಿ ದುಬಾರಿ.

ಮೂರನೆಯದು ಲೇಸರ್. ಇದರ ಮೂಲ ತಿಳಿದಾಗ ನಮಗೆ ಆಶ್ಚರ್ಯವಾಯಿತು. ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ ಎಂಬವರು ಪೇಟೆಂಟ್ ಕಾಗದಗಳ ಪ್ರತಿ ಮಾಡಿಸುವ ಬೇಸರಕ್ಕೆ ಉಪಾಯ ಹುಡುಕುತ್ತಾ, 1938ರ ಅಕ್ಟೋಬರ್ 22ರಂದು ಸ್ಥಿರವಿದ್ಯುತ್ತಿನಿಂದ ಪುಡಿಯನ್ನು ಅಂಟಿಸಿ ಮೊದಲ ಪ್ರತಿ ತೆಗೆದರು. ಈ ವಿಧಾನಕ್ಕೆ ಗ್ರೀಕ್ ಮಾತಿನಿಂದ 'ಒಣ ಬರಹ' ಎಂಬ ಅರ್ಥದ ಹೆಸರಿಟ್ಟರು. ನಮ್ಮ 'ಝೆರಾಕ್ಸ್' ಬಂದದ್ದು ಅಲ್ಲಿಂದ. ಲೇಸರ್ ಪ್ರಿಂಟರಿನಲ್ಲಿಯೂ ಇದೇ ಒಣ ಪುಡಿ. ಬೆಳಕು ಉರುಳೆಯ ಮೇಲೆ ಅಕ್ಷರ ಮೂಡಿಸುತ್ತದೆ, ಪುಡಿ ಅಲ್ಲಿ ಹತ್ತುತ್ತದೆ, ಕಾಯ್ದ ಉರುಳೆ ಅದನ್ನು ಕಾಗದದ ಮೇಲೆ ಕರಗಿಸಿ ಕೂರಿಸುತ್ತದೆ. ಮೊದಲೇ ಒಣಗಿದ್ದು ಮತ್ತೆ ಒಣಗುವುದೆಲ್ಲಿ? ಎರಡು ತಿಂಗಳು ಬಿಟ್ಟು ಗುಂಡಿ ಒತ್ತಿದರೂ ಅಕ್ಷರ ಕಪ್ಪಗೆ ಬರುತ್ತದೆ.

ಅದಕ್ಕೂ ಕುಂದುಗಳಿವೆ. ಮೊದಲ ಬೆಲೆ ಹೆಚ್ಚು. ಉರುಳೆ ಕಾಯಿಸಲು ನೂರಾರು ವ್ಯಾಟ್ ವಿದ್ಯುತ್ತು ಬೇಕು. ಮನೆಯ ಇನ್ವರ್ಟರಿಗೆ ಜೋಡಿಸಬಾರದು, ಲೈಟು ಇದ್ದಾಗಲೇ ಕೆಲಸ ಮುಗಿಸಬೇಕು. ಹೊಸ ಯಂತ್ರದ ಜೊತೆಗೆ ಬರುವ ಡಬ್ಬಿಯಲ್ಲಿ ಅನೇಕ ಸಲ ಪುಡಿ ಕಡಿಮೆ ಇರುತ್ತದೆ. ನಮ್ಮ ಬೆಲೆಗೆ ಸಿಗುವುದು ಕಪ್ಪು ಬಣ್ಣ ಒಂದೇ.

ಈಗ ಲೆಕ್ಕ. ಯಂತ್ರಕ್ಕೆ 12,000 ರೂಪಾಯಿ. ಸಾವಿರ ಪುಟದ ಪುಡಿಗೆ ಸುಮಾರು 2,000. ಕಾಗದ ಸೇರಿ ಹಾಳೆಗೆ ಎರಡೂವರೆ ರೂಪಾಯಿ. ತಿಂಗಳಿಗೆ 80 ಖರ್ಚು, 220 ಉಳಿತಾಯ. ಹಾಕಿದ ಹಣ ಮರಳಲು ನಾಲ್ಕೂವರೆ ವರ್ಷ! ಅಪ್ಪ ವಹಿ ಮುಚ್ಚಿದರು. ಅಕ್ಕ ಏನೂ ಅನ್ನಲಿಲ್ಲ. ಎದ್ದು ನಕಲು ಮಾಡಲು ಕುಳಿತಳು. ಅದನ್ನು ನೋಡಿ ಆಯಿಯೇ ಅಂದಳು: "ಭಾವಿ ಒಬ್ಬರ ತೋಡಿದ್ರೂ ನೀರ ಓಣಿಗೆಲ್ಲಾ ಆಗ್ತೈತಿ. ಕಾಕಾನ ಮನ್ಯಾಗೂ ಓದೂ ಹುಡುಗರ ಅದಾವಲ್ಲ."

ಹೀಗೆ ಎರಡು ಮನೆಗೆ ಕೂಡಿ ಒಂದು ಕಪ್ಪುಬಿಳುಪು ಲೇಸರ್ ಯಂತ್ರ ಬಂತು. ತಲಾ 6,000. ಎರಡೂ ಮನೆಯ ಬಳಕೆ ಸಮವಾದರೆ ಎರಡು ವರ್ಷದ ಮೇಲೆ ಸ್ವಲ್ಪ ದಿನಗಳಲ್ಲಿ ಹಣ ಮರಳುತ್ತದೆ. ಬಣ್ಣದ ಆರು ಹಾಳೆಗೆ ಅಂಗಡಿ ಇದ್ದೇ ಇದೆ.

ನಮ್ಮ ಸಾಂಗಲಿ ಜಿಲ್ಲೆಗೆ ಅಚ್ಚಿನ ನಂಟು ಹೊಸದಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು 1910ರಲ್ಲಿ ಕಟ್ಟಿದ ಕಿರ್ಲೋಸ್ಕರವಾಡಿಯಿಂದ 1920ರಲ್ಲಿ ಮರಾಠಿ ಮಾಸಪತ್ರಿಕೆಯೊಂದು ಹೊರಡತೊಡಗಿತು. ಅಂದು ಅಚ್ಚಿಗೆ ಕಾರಖಾನೆಯೇ ಬೇಕಿತ್ತು. ಇಂದು ಅದು ಗೂಡಿನಲ್ಲಿ ಕೂರುತ್ತದೆ.

ದೀಪಾವಳಿಯಿಂದ ಮಾರ್ಚಿಯವರೆಗೆ ಅಕ್ಕ ವಾರಕ್ಕೆ ಮೂರು ಪತ್ರಿಕೆ ಬಿಡಿಸಿದಳು. ಓಣಿಯ ಇನ್ನಿಬ್ಬರು ಹುಡುಗಿಯರೂ ಖಾಲಿ ಕಾಗದ ತಂದು ಒಯ್ದರು. ಮಳೆಗಾಲದಲ್ಲಿ ಕಾಗದ ತೇವವಾಗಿ ಸಿಕ್ಕಿಕೊಳ್ಳದಂತೆ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದು ಈಗ ನಮ್ಮಿಬ್ಬರ ಕೆಲಸ.

ಗೆಳೆಯರೇ, ನಿಮ್ಮ ಮನೆಯಲ್ಲಿಯೂ ಇಂಥ ಮಾತು ಹೊರಟರೆ ಮೊದಲು ಹಾಳೆ ಎಣಿಸಿರಿ. ದಿನವೂ ಬೇಕಾದರೆ ತೊಟ್ಟಿಯ ಶಾಯಿ, ಆಗೊಮ್ಮೆ ಈಗೊಮ್ಮೆ ಬೇಕಾದರೆ ಒಣ ಪುಡಿ, ವರ್ಷಕ್ಕೆ ಹತ್ತಾರು ಹಾಳೆಯಾದರೆ ಅಂಗಡಿಯೇ ಮೇಲು. ಯಂತ್ರದ ಬೆಲೆಯ ಜೊತೆಗೆ ಅದರ ಡಬ್ಬಿಯ ಬೆಲೆಯನ್ನೂ ಕೇಳಿರಿ. ನೆರೆಮನೆಯವರನ್ನೂ ಒಂದು ಮಾತು ಕೇಳಿ ನೋಡಿರಿ.