ಬೆಂಕಿಪುರದ ಉಕ್ಕು, ಬಡಗಿಯ ಉಳಿ

ಶಿವಮೊಗ್ಗದಿಂದ ಭದ್ರಾವತಿಗೆ ಸುಮಾರು 20 ಕಿಲೋಮೀಟರ್. ಬಸ್ಸಿನ ಕಿಟಕಿಯಲ್ಲಿ ಗದ್ದೆ, ಅಡಿಕೆ ತೋಟ ನೋಡುತ್ತಿದ್ದಂತೆಯೇ ಊರು ಬಂದುಬಿಡುತ್ತದೆ. ಭದ್ರಾ ನದಿಯ ದಡದ ಈ ಊರಿನ ಹಳೆಯ ಹೆಸರು ಬೆಂಕಿಪುರ. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿನ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಇಲ್ಲಿ ಅದಿರು ಕರಗಿಸತೊಡಗಿದಾಗ ಆ ಹೆಸರಿಗೆ ಹೊಸ ಅರ್ಥವೇ ಬಂತು.

ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ, ಅದನ್ನು ಕರಗಿಸುವ ಇದ್ದಲು ಮಲೆನಾಡಿನ ಕಾಡಿನಿಂದ. ಕಟ್ಟಿಗೆಯ ಇದ್ದಲಿನಲ್ಲಿ ಗಂಧಕ ತೀರ ಕಡಿಮೆ. ಗಂಧಕ ಹೆಚ್ಚಾದ ಉಕ್ಕನ್ನು ಕೆಂಪಗೆ ಕಾಯಿಸಿ ಬಡಿದರೆ ಬಿರುಕು ಬಿಡುತ್ತದೆ. ಹಾಗಾಗಿ ಇದ್ದಲಿನ ಕಬ್ಬಿಣಕ್ಕೆ ಬೆಲೆ ಹೆಚ್ಚು. ಆ ಬೆಲೆಯನ್ನು ತೆತ್ತದ್ದು ಮಾತ್ರ ಕಾಡಿನ ಮರಗಳು.

ಉಕ್ಕಿನ ಗುಣ ತಿಳಿಯಬೇಕಾದರೆ ಮರ ಕೆಲಸದವರ ಕೈ ನೋಡಬೇಕು. ಇದೇ ಜಿಲ್ಲೆಯ ಸಾಗರ, ಸೊರಬಗಳಲ್ಲಿ ಗುಡಿಗಾರರು ಶ್ರೀಗಂಧದ ತುಂಡಿನಲ್ಲಿ ಹೂಬಳ್ಳಿ ಬಿಡಿಸುತ್ತಾರೆ. ಉಳಿ ಮೊಂಡಾದರೆ ಮರ ಕತ್ತರಿಸದೆ ಹರಿಯುತ್ತದೆ. ಬೆಲೆಬಾಳುವ ಗಂಧವೂ, ದಿನಗಟ್ಟಲೆಯ ಶ್ರಮವೂ ಹಾಳು.

ಹಾಗಾದರೆ ಒಂದು ಉಳಿ ದಿನವಿಡೀ ಹರಿತವಾಗಿದ್ದು, ಇನ್ನೊಂದು ಗಂಟೆಯೊಳಗೆ ಮೊಂಡಾಗುವುದೇಕೆ? ಮೊದಲ ಕಾರಣ ಇಂಗಾಲ. ಕಿಟಕಿಯ ಸರಳಿನಂಥ ಮೆದು ಉಕ್ಕಿನಲ್ಲಿ ಅದು ಸುಮಾರು ಶೇ. 0.2 ಮಾತ್ರ, ಎಷ್ಟು ಕಾಯಿಸಿ ನೀರಿಗೆ ಅದ್ದಿದರೂ ಅಲಗಿಗೆ ಬೇಕಾದ ಗಡಸು ಬಾರದು. ಒಳ್ಳೆಯ ಉಳಿಗೆ ಶೇ. 0.7ರಿಂದ 1.2ರವರೆಗೆ ಇಂಗಾಲ ಬೇಕು.

ಎರಡನೆಯದು ಹದ. ಉಕ್ಕು ಕೆಂಪಗೆ ಕಾದಾಗ ಇಂಗಾಲ ಕಬ್ಬಿಣದೊಳಗೆ ಕರಗಿರುತ್ತದೆ. ತಟ್ಟನೆ ತಣಿಸಿದರೆ ಅದಕ್ಕೆ ಹೊರಬರಲು ಸಮಯವಿಲ್ಲ. ಒಳಗೇ ಸಿಕ್ಕಿಬಿದ್ದು ಲೋಹವನ್ನು ಬಿಗಿಯುತ್ತದೆ. ಆಗ ಅಲಗು ಗಡಸು, ಆದರೆ ಗಾಜಿನಂತೆ ಒಡೆಯುತ್ತದೆ. ಆದ್ದರಿಂದ ಕಮ್ಮಾರ ಅದನ್ನು ಉಜ್ಜಿ ಹೊಳಪು ಮಾಡಿ, ಮತ್ತೆ ಮೆಲ್ಲಗೆ ಕಾಯಿಸುತ್ತಾನೆ. ಸುಮಾರು 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುಲ್ಲಿನ ಹಳದಿ ಬಣ್ಣ ಮೂಡುತ್ತದೆ, 300ರ ಹೊತ್ತಿಗೆ ನೀಲಿ. ಹಳದಿ ಕಂದಾಗುವಷ್ಟರಲ್ಲಿ ನಿಲ್ಲಿಸಿದರೆ ಉಳಿಗೆ ಹದ ಬಂತು. ಥರ್ಮಾಮೀಟರ್ ಇಲ್ಲದ ಕುಲುಮೆಯಲ್ಲಿ ಕಣ್ಣೇ ಥರ್ಮಾಮೀಟರ್.

ಐಟಿಐ ಸೇರುವ ಮಗನಿಗೋ ಮಗಳಿಗೋ ಉಳಿ ಕೊಳ್ಳುವ ತಂದೆ ತಾಯಿ ಹೊಳಪಿಗೆ ಮರುಳಾಗಬಾರದು. ಅಲಗಿನ ಅಂಚಿನ ಹತ್ತಿರ ಅರವನ್ನು ಮೆಲ್ಲಗೆ ಆಡಿಸಿದರೆ ಜಾರಬೇಕು. ಸಲೀಸಾಗಿ ಕಚ್ಚಿದರೆ ಅದು ಮೆದು. ವಿದ್ಯುತ್ ಸಾಣೆಯಲ್ಲಿ ಅವಸರದಿಂದ ಮಸೆದು ಅಂಚು ನೀಲಿಯಾದರೆ, ಕಮ್ಮಾರ ಕೊಟ್ಟ ಹದ ಒಂದೇ ನಿಮಿಷದಲ್ಲಿ ಹೋಯಿತೆಂದೇ ತಿಳಿಯಬೇಕು. ಆಗಾಗ ನೀರಿಗದ್ದಿ ಮಸೆದರೆ ಉಳಿ ಉಳಿಯುತ್ತದೆ.

ಭದ್ರಾವತಿಯ ಕಾರ್ಖಾನೆ ಮುಂದೆ ಮಿಶ್ರಲೋಹದ ವಿಶೇಷ ಉಕ್ಕುಗಳಿಗೂ ಹೆಸರಾಯಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ಸುದ್ದಿ ಬಂದಾಗ ಕಾರ್ಮಿಕರು ಬೀದಿಗಿಳಿದರು. ಉಕ್ಕಿನ ಹದ ಕಲಿಯಲು ಒಂದು ಊರಿಗೆ ತಲೆಮಾರುಗಳೇ ಬೇಕು ಎಂಬುದು ಅವರಿಗೆ ಗೊತ್ತಿತ್ತು.