ಜೇಡನ ನೂಲು ಮತ್ತು ಹಿಂಸೆಯ ಲೆಕ್ಕ

ಬಿ.ಟಿ.ಎಂ. ಬಡಾವಣೆಯ ಅಂಚಿನಲ್ಲಿ, ಹೊಸೂರು ರಸ್ತೆಯ ಬದಿಗೆ, ಕೇಂದ್ರ ರೇಷ್ಮೆ ಮಂಡಳಿಯ ಕಚೇರಿಯಿದೆ. 1948ರ ಕಾಯಿದೆಯಿಂದ ಜನ್ಮ ತಳೆದ ಈ ಸಂಸ್ಥೆಯ ಹೆಸರು ಇಂದು ರೇಷ್ಮೆಗಿಂತ ವಾಹನಗಳ ದಟ್ಟಣೆಗೇ ಹೆಚ್ಚು ಪ್ರಸಿದ್ಧ. ಅಲ್ಲಿಂದ ಅನತಿದೂರದ ಜಯನಗರದ ಕೈತೋಟಗಳಲ್ಲಿ ಮತ್ತೊಬ್ಬ ನೇಕಾರನಿದ್ದಾನೆ. ಬಲೆಯ ನಡುವೆ ಬಿಳಿಯ ಅಂಕುಡೊಂಕು ಪಟ್ಟಿ ಎಳೆದು ಕುಳಿತಿರುವ ಜೇಡ ಅದು.

ರೇಷ್ಮೆಹುಳು ಬಾಯಿಂದ ನೂಲು ತೆಗೆಯುತ್ತದೆ. ಜೇಡ ಉದರದ ತುದಿಯಿಂದ. ಇವೆರಡೂ ನೂಲುವ ವಿದ್ಯೆಯನ್ನು ಸ್ವತಂತ್ರವಾಗಿಯೇ ಪಡೆದುಕೊಂಡವು. ಆದರೂ ಎರಡರ ಪ್ರೋಟೀನಿನಲ್ಲಿಯೂ ಗ್ಲೈಸಿನ್, ಅಲನಿನ್ ಎಂಬ ಸಣ್ಣ ಅಮೈನೋ ಆಮ್ಲಗಳೇ ಅಧಿಕ. ಅಲನಿನ್‌ನ ಸಾಲುಗಳು ಒತ್ತಾಗಿ ಜೋಡಿಸಿಕೊಂಡು ಬಲ ನೀಡಿದರೆ, ಗ್ಲೈಸಿನ್ ಹೆಚ್ಚಿರುವ ಭಾಗಗಳು ಹಿಗ್ಗುವ ಗುಣ ಕೊಡುತ್ತವೆ. ಜೇಡನ ನೂಲಿನ ವಂಶವಾಹಿಯ ಮೊದಲ ವಿವರ 1990ರಲ್ಲಿ ಪ್ರಕಟವಾಯಿತು. 2017ರಲ್ಲಿ ಚಿನ್ನದ ಬಣ್ಣದ ನೂಲು ನೂಲುವ ಒಂದು ಜೇಡನ ಸಮಗ್ರ ವಂಶವಾಹಿ ಸಮೂಹವನ್ನು ಓದಿದಾಗ ಅಂತಹ 28 ವಂಶವಾಹಿಗಳು ಕಂಡುಬಂದವು. ಹಳೆಯ ವಂಶವಾಹಿಯೊಂದರ ನಕಲು ಉಳಿದು, ಆ ನಕಲು ಕಾಲಾಂತರದಲ್ಲಿ ಮಾರ್ಪಟ್ಟು ಹೊಸ ಕೆಲಸಕ್ಕೆ ಒದಗಿದುದೇ ಈ ಬಾಹುಳ್ಯಕ್ಕೆ ಮುಖ್ಯ ಕಾರಣ. ಪ್ರೋಟೀನಿನ ಎರಡು ತುದಿಗಳು ಬಹುಮಟ್ಟಿಗೆ ಬದಲಾಗದೆ ಉಳಿದಿವೆ. ಮತ್ತೆ ಮತ್ತೆ ಬರುವ ನಡುವಿನ ಭಾಗ ಮಾತ್ರ ಜಾತಿಯಿಂದ ಜಾತಿಗೆ ವ್ಯತ್ಯಾಸ ಹೊಂದಿದೆ. ಆದುದರಿಂದಲೇ ಒಂದೇ ಜೀವಿಯು ಇಳಿಯಲು ಒಂದು ಎಳೆ, ನೊಣ ಹಿಡಿಯಲು ಇನ್ನೊಂದು, ಮೊಟ್ಟೆ ಸುತ್ತಲು ಮತ್ತೊಂದು ಎಳೆಯನ್ನು ನೂಲಬಲ್ಲುದು.

ಇಷ್ಟು ಬಲವಾದ ನೂಲನ್ನು ವ್ಯಾಪಾರಿಗಳು ಏಕೆ ಬಿಟ್ಟರು? ಜೇಡಗಳನ್ನು ಒಟ್ಟಿಗೆ ಸಾಕಿದರೆ ಒಂದನ್ನೊಂದು ತಿನ್ನುತ್ತವೆ. ಮಡಗಾಸ್ಕರಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜೇಡಗಳನ್ನು ಹಿಡಿದು, ಎಳೆ ತೆಗೆದು, ಮರಳಿ ಬಿಟ್ಟು ನೇಯ್ದ ಒಂದೇ ಒಂದು ವಸ್ತ್ರವು 2009ರಲ್ಲಿ ಪ್ರದರ್ಶನಗೊಂಡಿತು. ಅದು ವಸ್ತುಸಂಗ್ರಹಾಲಯದ ಸರಕೇ ಹೊರತು ಅಂಗಡಿಯದಲ್ಲ.

ಆದ್ದರಿಂದ ಜೇಡನ ವಂಶವಾಹಿಯನ್ನು ರೇಷ್ಮೆಹುಳುವಿನಲ್ಲಿ ಸೇರಿಸುವ ಯತ್ನ ನಡೆದಿದೆ. 2023ರಲ್ಲಿ ಚೀನಾದ ವಿಜ್ಞಾನಿಗಳು ಇದರಲ್ಲಿ ಗಮನಾರ್ಹ ಯಶಸ್ಸು ಕಂಡರು. ಇಲ್ಲಿ ಶ್ರಾವಕನು ಲೆಕ್ಕದ ಪುಸ್ತಕ ತೆರೆಯುವುದು ಒಳ್ಳೆಯದು. ಒಂದು ಕಿಲೋ ಕಚ್ಚಾ ರೇಷ್ಮೆಗೆ ಸುಮಾರು 7 ಕಿಲೋ ಗೂಡು ಬೇಕು. ಗೂಡೊಂದರ ತೂಕ ಒಂದೂವರೆ ಗ್ರಾಂ ಎಂದಿಟ್ಟುಕೊಂಡರೆ ನಾಲ್ಕು ಸಾವಿರದ ಆರುನೂರಕ್ಕೂ ಮೀರಿದ ಜೀವಗಳು. ಎಳೆ ತುಂಡಾಗದಿರಲೆಂದು, ಚಿಟ್ಟೆ ಹೊರಬರುವ ಮುನ್ನವೇ ಅವನ್ನು ಬಿಸಿಯಲ್ಲಿ ಕೊಲ್ಲಲಾಗುತ್ತದೆ. ಒಳಗಿನ ವಂಶವಾಹಿ ಜೇಡನದಾದರೂ ಕುದಿಯುವ ನೀರು ಅದೇ. ಬ್ಯಾಕ್ಟೀರಿಯ ಅಥವಾ ಯೀಸ್ಟಿನಲ್ಲಿ ಈ ಪ್ರೋಟೀನನ್ನು ತಯಾರಿಸುವ ಮಾರ್ಗವೂ ಉಂಟು. ಸೂಕ್ಷ್ಮಜೀವಿಗಳನ್ನೂ ಜೀವವೆಂದೇ ಎಣಿಸುವವರಿಗೆ ಅದು ಹಿಂಸಾರಹಿತವೆನಿಸದು. ಆದರೆ ಇಂದ್ರಿಯಗಳ ತಾರತಮ್ಯದಿಂದ ಹಿಂಸೆಯ ಪ್ರಮಾಣವನ್ನು ತೂಗುವ ಪರಂಪರೆಯಲ್ಲಿ ಎರಡೂ ಸಮವಲ್ಲ. ಇನ್ನು ಚಿಟ್ಟೆ ಹೊರಹೋದ ಗೂಡಿನಿಂದ ನೂತ ಬಟ್ಟೆ ಈಗಾಗಲೇ ಲಭ್ಯವಿದೆ. ಹೊಳಪು ಕಡಿಮೆ, ಬೆಲೆ ಹೆಚ್ಚು.

ಬಸದಿಯ ಟ್ರಸ್ಟುಗಳು ಸನ್ಮಾನದ ಶಾಲನ್ನು ಕೊಳ್ಳುವಾಗ ‘ಜೇಡನ ರೇಷ್ಮೆ’ ಎಂಬ ಚೀಟಿ ಮುಂದೊಂದು ದಿನ ಕಂಡರೆ, ಅದು ಬಂದದ್ದು ಹುಳುವಿನ ಗೂಡಿನಿಂದಲೋ ಹುದುಗಿನ ತೊಟ್ಟಿಯಿಂದಲೋ ಎಂದು ಮೊದಲು ವಿಚಾರಿಸಬೇಕಾಗುತ್ತದೆ.